ಸೆಮಿನರಿಯ ಪಂಕ್ತಿ

ದೇವಳಾಲಿ ಕ್ಯಾಂಪಿನಿಂದ ಲ್ಯಾಮ್ ರಸ್ತೆ ಹಿಡಿದು ನಾಸಿಕ ರೋಡ್ ಸ್ಟೇಷನ್ನಿಗೆ ಬಂದು, ಅಲ್ಲಿಂದ ಊರೊಳಗಿನ ಬಸ್ಸು ಹತ್ತಿದರೆ ಶರಣಪುರ ರಸ್ತೆ ಸಿಗುತ್ತದೆ. ಈಗ ಅದು ಅಂಗಡಿ, ಬ್ಯಾಂಕು, ಆಸ್ಪತ್ರೆಗಳ ಬೀದಿ. ಬಟ್ಟೆ ಕೊಳ್ಳಲು ಬಂದವರಿಗೆ ಹೆಸರಿನ ಮೂಲ ಕೇಳಿಕೊಂಡು ಕೂರಲು ಪುರಸೊತ್ತಿಲ್ಲ. ನಾನು ಕ್ಯಾಂಪಿಗೆ ಬಂದು ನೆಲೆಸಿದ ಮೊದಲ ವರ್ಷ ನನಗೂ ಇರಲಿಲ್ಲ. ಕನ್ನಡದ ಕಿವಿಗೆ ‘ಶರಣ’ ಎಂದರೆ ಕಲ್ಯಾಣ, ಅನುಭವ ಮಂಟಪ, ದಾಸೋಹ. ಇಲ್ಲಿಯ ಶರಣರು ಬೇರೆ. ಚರ್ಚ್ ಮಿಷನರಿ ಸೊಸೈಟಿಯ ವಿಲಿಯಂ ಸಾಲ್ಟರ್ ಪ್ರೈಸ್ ಎಂಬ ಪಾದ್ರಿ 1850ರ ದಶಕದಲ್ಲಿ ನಾಸಿಕದ ಹೊರಗೆ ಕಟ್ಟಿದ ಕ್ರೈಸ್ತ ಹಳ್ಳಿ ಅದು. ಮನೆ, ಜಾತಿ, ಹೊಲ ಕಳೆದುಕೊಂಡು ಬಂದವರಿಗೆ ಆಸರೆಯ ಊರು. 1860ರಲ್ಲಿ ಮುಂಬೈಯಿಂದ ಇನ್ನೊಂದು ಗುಂಪು ಬಂದು ಅಲ್ಲಿ ಸೇರಿತು. ಅವರು ಆಫ್ರಿಕಾದ ಮಕ್ಕಳು. ಅರಬ್ಬೀ ಸಮುದ್ರದಲ್ಲಿ ಗುಲಾಮರನ್ನು ಸಾಗಿಸುತ್ತಿದ್ದ ಹಾಯಿಹಡಗುಗಳನ್ನು ಬ್ರಿಟಿಷ್ ನೌಕೆಗಳು ತಡೆದು ಬಿಡಿಸಿ, ಮುಂಬೈ ಬಂದರಿನಲ್ಲಿ ಇಳಿಸಿದ ಮಕ್ಕಳು.

ಕನ್ನಡಿಗರಿಗೆ ಆಫ್ರಿಕಾ ಮೂಲದ ನೆರೆಹೊರೆ ಹೊಸದಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು ಹಳೆಯ ಗುಲಾಮಿ ದಾರಿಗಳಲ್ಲಿ ಬಂದು ನಮ್ಮ ಕಾಡಂಚಿನಲ್ಲಿ ಬೇರು ಬಿಟ್ಟವರು. ಶರಣಪುರದ ಮಕ್ಕಳ ಕಥೆ ತಿರುಗಿ ಹೋದವರ ಕಥೆ. ಇಲ್ಲಿ ಓದಿ, ಬಡಗಿತನ, ಕಮ್ಮಾರಿಕೆ ಕಲಿತು, ಅವರಲ್ಲಿ ಕೆಲವರು ಮೊಂಬಾಸಾಕ್ಕೆ ಹೋಗಿ ಪೂರ್ವ ಆಫ್ರಿಕಾದ ಪ್ರಾಟೆಸ್ಟೆಂಟ್ ಸಭೆಯ ಮೊದಲ ಆಫ್ರಿಕನ್ ಪಾದ್ರಿಗಳಾದರು. ಇಂದು ಕೆನ್ಯಾದಲ್ಲಿರುವ ದೇವಶಾಸ್ತ್ರ ಕಾಲೇಜುಗಳ ಬಾಳು ಹೇಗಿದೆ, ಹೇಗಿರಬೇಕು ಎಂದು ಕೇಳುವವರು ಒಮ್ಮೆ ನಾಸಿಕಕ್ಕೂ ಬಂದು ಹೋಗಬೇಕು ಎಂದು ನನಗೆ ಅನಿಸಿದ್ದು ಇದರಿಂದ.

ಕೇಳಬೇಕಾದ ಪ್ರಶ್ನೆ ಸರಳವಾದದ್ದು, ಹಳೆಯದು. ಸಭಾಪಾಲಕರಾಗುವವರು ನಾಲ್ಕು ವರ್ಷ ಒಂದೇ ಆವರಣದಲ್ಲಿ ಯಾಕೆ ಬದುಕಬೇಕು? ಗ್ರೀಕ್, ಹೀಬ್ರೂ, ಸಭಾಚರಿತ್ರೆಗಳನ್ನು ಮನೆಯಲ್ಲಿದ್ದೂ ಓದಬಹುದು. ಆದರೂ ಪ್ರಾಟೆಸ್ಟೆಂಟರು ಹೋದಲ್ಲೆಲ್ಲ ಗುಡ್ಡದ ಮೇಲೊಂದು ಜಾಗ ಹಿಡಿದು, ಪ್ರಾರ್ಥನಾಲಯ, ಹಾಸ್ಟೆಲು, ಊಟದ ಮನೆ, ಒಂದು ಗಂಟೆ ಕಟ್ಟಿಸಿದರು. ಒಟ್ಟಿಗೆ ಬದುಕುವುದೇ ಅರ್ಧ ಪಾಠ ಎಂದು ನಂಬಿದರು. ಆ ಪಾಠ ಏನು, ಯಾರು ಯಾರಿಗೆ ಕಲಿಸಿದರು ಎನ್ನುವುದನ್ನು ಸೆಮಿನರಿಗಳ ಸ್ಮರಣ ಸಂಚಿಕೆಗಳು ಮುಟ್ಟುವುದಿಲ್ಲ. ಅವು ಕಟ್ಟಡಗಳ ಲೆಕ್ಕ ಕೊಡುತ್ತವೆ, ಪ್ರಾಂಶುಪಾಲರ ಪಟ್ಟಿ ಕೊಡುತ್ತವೆ. ನಾನು ಉಪದೇಶಿಯೊಬ್ಬರ ಮನೆಯಲ್ಲಿ ಹುಟ್ಟಿ ಬೆಳೆದವನು. ನನ್ನ ಲೆಕ್ಕ ಊಟದ ಮನೆಯಿಂದ ಶುರುವಾಗುತ್ತದೆ. ಹೊಸದಾಗಿ ಬಂದವನಿಗೆ ಪಂಕ್ತಿಯಲ್ಲಿ ಜಾಗ ಸಿಕ್ಕಿತೇ ಎಂಬುದು ಮೊದಲ ಮಾತು. ಅವನು ಬಂದ ಮೇಲೆ ಮನೆಯ ನಿಯಮ ಒಂದಾದರೂ ಬದಲಾಯಿತೇ ಎಂಬುದು ಎರಡನೆಯದು. ಎರಡನೆಯದಕ್ಕೆ ಹೌದು ಎನ್ನಬಹುದಾದ ಕಡೆ ಮಾತ್ರ ಸಹಜೀವನ ಇತ್ತು ಎಂದು ನಾನು ಒಪ್ಪುತ್ತೇನೆ.

ಈ ಮನೆಗಳ ನಕ್ಷೆ ಬಂದದ್ದು ಬಹುಮಟ್ಟಿಗೆ ಸ್ವಿಟ್ಜರ್‌ಲೆಂಡಿನ ಬಾಸೆಲಿನಿಂದ. ಬಾಸೆಲ್ ಮಿಷನ್ 1815ರಲ್ಲಿ ಹುಟ್ಟಿತು. ದಕ್ಷಿಣ ಜರ್ಮನಿಯ ರೈತರ, ಕಸುಬಿನವರ ಮಕ್ಕಳು ಅಲ್ಲಿಯ ಸೆಮಿನರಿಗೆ ಸೇರುತ್ತಿದ್ದರು. ಮುಂಜಾನೆಯಿಂದ ರಾತ್ರಿ ಪ್ರಾರ್ಥನೆಯ ತನಕ ದಿನವೆಲ್ಲ ಗಂಟೆಯ ಲೆಕ್ಕ. ಓದಿನ ಜೊತೆ ಕೈಕೆಲಸ. ಮೇಲ್ವಿಚಾರಣೆಗೆ ಮನೆಯಪ್ಪನಂತೆ ಒಬ್ಬ ಹಿರಿಯ. ಮದುವೆಗೂ ಸಮಿತಿಯ ಒಪ್ಪಿಗೆ ಬೇಕಿತ್ತು. ಸಹೋದರರು ಒಬ್ಬರ ತಪ್ಪನ್ನು ಇನ್ನೊಬ್ಬರು ಮೇಲಿನವರಿಗೆ ತಿಳಿಸಬೇಕೆಂಬ ನಿರೀಕ್ಷೆಯೂ ಇತ್ತು. ಈ ಕೊನೆಯ ಸಂಗತಿ ನನ್ನನ್ನು ಬಹಳ ಕಾಡಿದೆ. ಒಂದು ಶತಮಾನದ ನಂತರ, ಹಿಟ್ಲರನ ಕಾಲದಲ್ಲಿ, ಡೀಟ್ರಿಖ್ ಬಾನ್‌ಹೋಫರ್ ಫಿಂಕನ್‌ವಾಲ್ಡೆಯಲ್ಲಿ ನಡೆಸಿದ ಸೆಮಿನರಿಯಲ್ಲಿ ಇದಕ್ಕೆ ತೀರಾ ವಿರುದ್ಧವಾದ ನಿಯಮವಿತ್ತು. ಸಹೋದರನೊಬ್ಬ ಎದುರಿಗಿಲ್ಲದಾಗ ಅವನ ಬಗ್ಗೆ ಮಾತಾಡಕೂಡದು. 1935ರಲ್ಲಿ ತೆರೆದ ಆ ಮನೆಯನ್ನು 1937ರಲ್ಲಿ ಗೆಸ್ಟಾಪೊ ಮುಚ್ಚಿಸಿತು. ಅಲ್ಲಿಯ ಅನುಭವದಿಂದ ಬಾನ್‌ಹೋಫರ್ ಬರೆದ ಪುಟ್ಟ ಪುಸ್ತಕವನ್ನು ಲೋಕದ ಸೆಮಿನರಿಗಳು ಈಗಲೂ ಓದುತ್ತವೆ. ಎರಡೂ ಪ್ರಾಟೆಸ್ಟೆಂಟ್ ಮನೆಗಳೇ. ಒಂದರಲ್ಲಿ ಮಾತು ಕಾವಲಾಯಿತು, ಇನ್ನೊಂದರಲ್ಲಿ ಮೌನವೇ ಕಾವಲಾಯಿತು. ನಮ್ಮ ಕಡೆಗೆ ಬಂದದ್ದು ಮೊದಲನೆಯದು.

ಬಾಸೆಲಿನಲ್ಲಿ ಕಲಿತವರು ಎಲ್ಲೆಲ್ಲಿ ಹೋದರು ಎಂದು ನೋಡಿದರೆ ನಕ್ಷೆಯ ಮೇಲೆ ಒಂದು ವಿಚಿತ್ರ ಗೆರೆ ಮೂಡುತ್ತದೆ. ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದರು. ಅದೇ ಮನೆಯ ಯೋಹಾನ್ ಲುಡ್ವಿಗ್ ಕ್ರಾಪ್ಫ್, ಯೋಹಾನೆಸ್ ರೆಬ್‌ಮನ್ ಇಬ್ಬರೂ ಮೊಂಬಾಸಾದ ಹತ್ತಿರದ ರಬಾಯಿಯಲ್ಲಿ 1846ರಲ್ಲಿ ನೆಲೆ ಹೂಡಿದರು. ಆ ಮನೆಯಲ್ಲೇ ಕಲಿತು, ಇಥಿಯೋಪಿಯಾದಲ್ಲಿ ದುಡಿದು, ಅಮ್ಹಾರಿಕ್ ನಿಘಂಟು ಬರೆದ ಕಾರ್ಲ್ ವಿಲ್‌ಹೆಲ್ಮ್ ಇಸೆನ್‌ಬರ್ಗ್ ಮುಂಬೈಗೆ ಬಂದು ಆಫ್ರಿಕನ್ ಮಕ್ಕಳ ಆಶ್ರಮ ನಡೆಸಿದರು. ನಾಸಿಕಕ್ಕೆ ಬಂದದ್ದು ಅದೇ ಆಶ್ರಮ. ಇಸೆನ್‌ಬರ್ಗರ ಮಗ ತಲಶ್ಶೇರಿಯ ಹರ್ಮನ್ ಗುಂಡರ್ಟರ ಮಗಳನ್ನು ಮದುವೆಯಾದ. ವಿಧವೆಯಾದ ಮೇಲೆ ಆಕೆ ಮರುಮದುವೆಯಾಗಿ ಹಡೆದ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ಶರಣಪುರಕ್ಕೂ ಮಂಗಳೂರಿನ ಬಲ್ಮಠದ ಗುಡ್ಡಕ್ಕೂ ಹೀಗೆ ಒಂದು ಬಳಗದ ನಂಟಿದೆ.

ಬಲ್ಮಠದ ಸೆಮಿನರಿ 1847ರಲ್ಲಿ ಶುರುವಾಯಿತು. ಮರುವರ್ಷ, 1848ರಲ್ಲಿ, ಈಗಿನ ಘಾನಾದ ಅಕ್ರೊಪಾಂಗ್ ಬೆಟ್ಟದ ಊರಿನಲ್ಲಿ ಬಾಸೆಲಿನವರು ಇನ್ನೊಂದು ಸೆಮಿನರಿ ತೆರೆದರು. ಇವೆರಡನ್ನೂ ಅವಳಿಗಳೆಂದೇ ನೋಡಬೇಕು. ಒಂದೇ ನಕ್ಷೆ, ಒಂದೇ ದಿನಚರಿ, ಉಪದೇಶಿಗಳನ್ನೂ ಶಾಲಾಮೇಷ್ಟ್ರನ್ನೂ ತಯಾರು ಮಾಡುವ ಒಂದೇ ಉದ್ದೇಶ. ಅಕ್ರೊಪಾಂಗಿನಲ್ಲಿ ಕ್ರೈಸ್ತರು ಊರಿನಿಂದ ಬೇರೆಯಾಗಿ ‘ಸಾಲೆಂ’ ಎಂಬ ಕೇರಿಯಲ್ಲಿ ವಾಸಿಸಬೇಕಿತ್ತು. ಮಂಗಳೂರಿನಲ್ಲಿ ಮಿಷನ್ ಕಂಪೌಂಡಿನ ಸುತ್ತ ಬಿಡಾರಗಳು ಎದ್ದವು. ಅಕ್ರೊಪಾಂಗಿನ ಮನೆಯಲ್ಲಿ ವಿಶೇಷವೊಂದಿತ್ತು. ಅಲ್ಲಿಯ ಮೊದಲ ಕ್ರೈಸ್ತ ಕುಟುಂಬಗಳು ಜಮೈಕಾದಿಂದ ಬಂದವು. ಗುಲಾಮರಾಗಿ ಅಟ್ಲಾಂಟಿಕ್ ದಾಟಿದವರ ಮಕ್ಕಳು 1843ರಲ್ಲಿ ಮಿಷನರಿ ಆಂಡ್ರಿಯಾಸ್ ರೀಸ್ ಜೊತೆ ಮರಳಿ ಹಡಗು ಹತ್ತಿದರು. ಕಪ್ಪು ಜನರೂ ಕ್ರೈಸ್ತರಾಗಿ ಸಂಸಾರ ಮಾಡುತ್ತಾರೆಂದು ಊರವರಿಗೆ ಕಣ್ಣಾರೆ ತೋರಿಸಲೆಂದೇ ಅವರನ್ನು ಕರೆತಂದದ್ದು.

ಬಾಸೆಲ್ ಮನೆಗಳು ಕೊಟ್ಟ ದೊಡ್ಡ ಕಾಣಿಕೆ ಭಾಷೆ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಅಕ್ರೊಪಾಂಗಿನಲ್ಲಿ ಕಲಿಸಿದ ಕ್ರಿಸ್ಟಾಲರರ ಟ್ವಿ ನಿಘಂಟು 1881ರಲ್ಲಿ, ಮೆನ್ನರ್ ಅವರ ತುಳು ನಿಘಂಟು 1886ರಲ್ಲಿ, ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಬಂದವು. ಪಶ್ಚಿಮ ಆಫ್ರಿಕಾಕ್ಕೂ ನಮ್ಮ ಕರಾವಳಿಗೂ ಒಂದೇ ಕಾರ್ಖಾನೆಯಿಂದ ಇಳಿದ ಪುಸ್ತಕಗಳು ಇವು. ಇದನ್ನು ಮಿಷನರಿಗಳ ಪಾಂಡಿತ್ಯವೆಂದಷ್ಟೇ ಹೊಗಳುವುದು ವಾಡಿಕೆ. ಸೆಮಿನರಿಯ ಹುಡುಗರು ಊಟ ಮಾಡುವಾಗ, ಗದ್ದೆಯಲ್ಲಿ ದುಡಿಯುವಾಗ ಆಡಿದ ಮಾತೂ ಆ ಪುಟಗಳಲ್ಲಿ ಸೇರಿದೆ ಎಂದು ನನಗೆ ಖಚಿತವಾಗಿ ತೋರುತ್ತದೆ. ಬಲ್ಮಠದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಮನೆಮಾತು ತುಳು. ಸಭೆಗೆ ಸೇರಿದವರಲ್ಲಿ ಬಿಲ್ಲವರೇ ಬಹುಪಾಲು. ತರಗತಿಯಲ್ಲಿ ಕನ್ನಡ, ಅಂಗಳದಲ್ಲಿ ತುಳು, ಗುರುಗಳ ಕೋಣೆಯಲ್ಲಿ ಜರ್ಮನ್. ಈ ಮೂರರ ನಡುವೆ ಓಡಾಡಿದ ಹುಡುಗರಿಲ್ಲದೆ ನಿಘಂಟಿನ ಗಾದೆಗಳಿಗೆ ಅರ್ಥ ಹೇಳುವವರು ಯಾರಿದ್ದರು? ಮೋಗ್ಲಿಂಗ್ ಬಸವಪುರಾಣ, ದಾಸರ ಪದಗಳನ್ನು ಅಚ್ಚು ಮಾಡಿಸಿದ್ದೂ ಇದೇ ನೆರೆಯಲ್ಲಿ ಕೂತು. ನನ್ನ ಎರಡನೆಯ ಪ್ರಶ್ನೆಗೆ ಬಲ್ಮಠ ಇಲ್ಲಿ ಅರ್ಧ ಹೌದು ಎನ್ನುತ್ತದೆ. ಒಳಗೆ ಬಂದವರು ಮನೆಯ ನಾಲಿಗೆಯನ್ನು ಬದಲಿಸಿದರು. ಮನೆಯ ಯಜಮಾನಿಕೆ ಅಲ್ಲೇ ಉಳಿಯಿತು.

ಊಟದ ವಿಚಾರ ಬೇರೆಯೇ ಬಿಸಿಯದು. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದಾಗ ಊರು ಕುದಿಯಿತು. ಅವನು ಯಾವ ದೇವರನ್ನು ನಂಬಿದ ಎನ್ನುವುದಕ್ಕಿಂತ ಯಾರ ಕೈಯ ಅನ್ನ ಉಂಡ ಎಂಬುದೇ ಮನೆಯವರಿಗೆ ತಡೆಯದ ನೋವಾಗಿತ್ತು. ಬಾಸೆಲಿಗೆ ಹೋಗಿ ಓದಿ 1851ರಲ್ಲಿ ಪಾದ್ರಿಪಟ್ಟ ಪಡೆದು ಬಂದ ಹರ್ಮನ್ ಆನಂದರಾವ್ ಕೌಂಡಿನ್ಯ ಮುಂದೆ ಮಂಗಳೂರಿನ ಸೆಮಿನರಿಯಲ್ಲಿ ಕಲಿಸಿದರು. ಕೊಡಗಿನ ಆನಂದಪುರದಲ್ಲಿ ಹೊಲೆಯ ಕುಟುಂಬಗಳ ಜೊತೆ ಬಾಳಿದರು. ಬ್ರಾಹ್ಮಣನೊಬ್ಬ ಮೊದಲು ಬಾಸೆಲಿನ ಮೇಜಿನ ಮುಂದೆ, ಆಮೇಲೆ ಬಲ್ಮಠದ ಪಂಕ್ತಿಯಲ್ಲಿ, ಕೊನೆಗೆ ಹೊಲೆಯರ ಅಂಗಳದಲ್ಲಿ ಕೂತು ಉಂಡ. ಕನ್ನಡನಾಡಿನ ಸಹಪಂಕ್ತಿ ಭೋಜನದ ಚರಿತ್ರೆಯಲ್ಲಿ ಈ ಮೂರು ತಟ್ಟೆಗಳನ್ನು ನಾವು ಸರಿಯಾಗಿ ನೆನೆದಿಲ್ಲ.

ಒಳಗೆ ಬಂದವರೆಲ್ಲ ಒಂದೇ ದಿನದಲ್ಲಿ ಹಳೆಯ ತಟ್ಟೆ ಬಿಡಲಿಲ್ಲ. ಕಾರ್ಕಳದ ಮಾಳದ ಮೂಲದವರಾದ ಪಂಡಿತಾ ರಮಾಬಾಯಿ ಕ್ರೈಸ್ತರಾದ ಮೇಲೂ ಸಸ್ಯಾಹಾರವನ್ನೇ ಮುಂದುವರಿಸಿದರು. 1889ರಲ್ಲಿ ಮುಂಬೈಯಲ್ಲಿ ತೆರೆದ ಶಾರದಾ ಸದನದಲ್ಲಿ ಬ್ರಾಹ್ಮಣ ವಿಧವೆಯರು ತಮ್ಮ ಅಡಿಗೆಯ ಕಟ್ಟಳೆ ಉಳಿಸಿಕೊಳ್ಳಲು ಬಿಟ್ಟರು. ನಾಸಿಕದ ಹತ್ತಿರದ ಜಲಾಲಪುರದಲ್ಲಿ ಹುಟ್ಟಿದ ಲಕ್ಷ್ಮೀಬಾಯಿ ಟಿಳಕರ ಕಥೆ ಇನ್ನೂ ಹತ್ತಿರದ್ದು. ಗಂಡ ನಾರಾಯಣ ವಾಮನ ಟಿಳಕ 1895ರಲ್ಲಿ ಕ್ರೈಸ್ತರಾದರು. ಆಕೆ ಐದು ವರ್ಷ ಹಿಂದೆ ನಿಂತರು. ಗಂಡನ ಜೊತೆ ಬಾಳತೊಡಗಿದ ಮೇಲೂ ನೀರು ಬೇರೆ, ಅಡಿಗೆ ಬೇರೆ. ಆ ಬೇಲಿಯನ್ನು ಒಳಗಿನಿಂದ ಒಂದೊಂದೇ ಗೂಟ ಕಿತ್ತು ತೆಗೆದ ಬಗೆಯನ್ನು ಆಕೆ ‘ಸ್ಮೃತಿಚಿತ್ರೆ’ಯಲ್ಲಿ ಬರೆದಿದ್ದಾರೆ. ಅಷ್ಟು ಹೊತ್ತಿಗೆ ಟಿಳಕರು ಅಹಮದನಗರದ, ಅಂದರೆ ಈಗಿನ ಅಹಿಲ್ಯಾನಗರದ, ಸೆಮಿನರಿಯಲ್ಲಿ ಪಾದ್ರಿಗಳಾಗುವವರಿಗೆ ಕಲಿಸುತ್ತಿದ್ದರು. ಮನೆ ತುಂಬ ಅನಾಥ ಮಕ್ಕಳು. ಅವರೆಲ್ಲರಿಗೂ ಬಡಿಸುತ್ತ ಬಡಿಸುತ್ತ ಲಕ್ಷ್ಮೀಬಾಯಿ ಬದಲಾದರು. ಸೆಮಿನರಿಗಳು ನಿಯಮದಿಂದ ಮಾಡಿಸಿದ್ದನ್ನು ಈ ಮನೆ ಸಾವಧಾನದಿಂದ ಮಾಡಿತು. ಕೊನೆಗೆ 1917ರಲ್ಲಿ ಟಿಳಕರು ಮಿಷನ್ ಸಂಬಳ ಬಿಟ್ಟು ಸಾತಾರಾದಲ್ಲಿ ‘ದೇವಾಚಾ ದರಬಾರ’ ಎಂಬ ಕೂಟ ಕಟ್ಟಲು ಹೊರಟರು. ಬೇರೆಯವರ ದುಡ್ಡಿನಲ್ಲಿ, ಬೇರೆಯವರ ನಕ್ಷೆಯಂತೆ ನಡೆಯುವ ಮನೆ ಅವರಿಗೆ ಸಾಕಾಗಿತ್ತು. ಎರಡೇ ವರ್ಷಕ್ಕೆ, 1919ರಲ್ಲಿ, ತೀರಿಕೊಂಡರು.

ಶರಣಪುರದ ಹುಡುಗರಿಗೆ ಅಂಥ ಆಯ್ಕೆ ಇರಲಿಲ್ಲ. ಅವರ ಹೆಸರುಗಳನ್ನೇ ನೋಡಿ: ಜೇಕಬ್ ವೇನ್‌ರೈಟ್, ಮ್ಯಾಥ್ಯೂ ವೆಲಿಂಗ್ಟನ್, ಎಡ್ವರ್ಡ್ ಗಾರ್ಡ್ನರ್, ಸೈಮನ್ ಪ್ರೈಸ್, ರಿಚರ್ಡ್ ಇಸೆನ್‌ಬರ್ಗ್. ತಾಯಿ ಕರೆದ ಹೆಸರು ಹಡಗಿನಲ್ಲೇ ಕಳೆದಿತ್ತು. ಈಗ ಹೊಸ ಮನೆಯ ಹಿರಿಯರ ಹೆಸರುಗಳೇ ಬೆನ್ನಿಗಂಟಿದವು. ಇಂಗ್ಲಿಷ್, ಹಿಂದೂಸ್ತಾನಿ ಕಲಿತರು. ಮರ ಕೊರೆದರು, ಕಬ್ಬಿಣ ಕಾಯಿಸಿದರು. 1865ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಇಲ್ಲಿಗೆ ಬಂದು ತನ್ನ ಕೊನೆಯ ಯಾತ್ರೆಗೆ ಒಂಬತ್ತು ಹುಡುಗರನ್ನು ಕರೆದೊಯ್ದ. 1872ರಲ್ಲಿ ಇನ್ನಷ್ಟು ಮಂದಿ ಹೋದರು. ಅವರಲ್ಲಿ ಜೇಕಬ್ ವೇನ್‌ರೈಟ್ ಒಬ್ಬ. 1873ರಲ್ಲಿ ಲಿವಿಂಗ್‌ಸ್ಟನ್ ಈಗಿನ ಜಾಂಬಿಯಾದ ಹಳ್ಳಿಯೊಂದರಲ್ಲಿ ತೀರಿಕೊಂಡಾಗ ಅವನ ಹೃದಯವನ್ನು ಮರದ ಬುಡದಲ್ಲಿ ಹೂತರು. ಸಂಸ್ಕಾರದ ಪ್ರಾರ್ಥನೆ ಓದಿದವನು ಜೇಕಬ್. ಆ ಮರದ ತೊಗಟೆಯ ಮೇಲೆ ಹೆಸರು, ದಿನ ಕೆತ್ತಿದವನೂ ಅವನೇ. ಒಣಗಿಸಿದ ದೇಹವನ್ನು ಸಂಗಡಿಗರು ತಿಂಗಳುಗಟ್ಟಲೆ ಹೊತ್ತು ಕರಾವಳಿ ಮುಟ್ಟಿಸಿದರು. 1874ರ ಏಪ್ರಿಲ್ 18ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ನಾಸಿಕದಲ್ಲಿ ಓದಿದ ಈ ಆಫ್ರಿಕನ್ ತರುಣನೂ ಇದ್ದ. ಕಾಡಿನ ನಡುವೆ, ಪಾದ್ರಿಯಿಲ್ಲದ ಕಡೆ, ಯಾರ ಅಪ್ಪಣೆಗೂ ಕಾಯದೆ ಒಬ್ಬ ವಿದ್ಯಾರ್ಥಿ ಸಭಾಪಾಲಕನ ಕೆಲಸ ಮಾಡಿದ. ಸಹಜೀವನದ ಪಾಠ ಅವನೊಳಗೆ ಎಷ್ಟು ಇಳಿದಿತ್ತು ಎನ್ನಲು ಇದಕ್ಕಿಂತ ಸಾಕ್ಷಿ ನನಗೆ ಬೇಡ.

ಅದಕ್ಕೂ ಮೊದಲೇ, 1864ರಲ್ಲಿ, ಜಾರ್ಜ್ ಡೇವಿಡ್, ವಿಲಿಯಂ ಜೋನ್ಸ್, ಇಶ್ಮಾಯೆಲ್ ಸೆಮ್ಲರ್ ಎಂಬವರು ನಾಸಿಕದಿಂದ ರಬಾಯಿಗೆ ಹೋಗಿದ್ದರು. ಅಲ್ಲಿ ರೆಬ್‌ಮನ್ ಇನ್ನೂ ಇದ್ದರು. 1873ರಲ್ಲಿ, ಬಾರ್ಟ್‌ಲ್ ಫ್ರೇರ್ ನಡೆಸಿದ ಮಾತುಕತೆಯ ಬೆನ್ನಿಗೆ, ಜಾಂಜಿಬಾರಿನ ಸುಲ್ತಾನ ಗುಲಾಮರ ಸಂತೆ ಮುಚ್ಚಿಸಿದ ಮೇಲೆ, ಬಿಡುಗಡೆಯಾದವರಿಗೆ ನೆಲೆ ಬೇಕಾಯಿತು. ಮುಂಬೈಯ ಗವರ್ನರನಾಗಿದ್ದ ಅದೇ ಫ್ರೇರನ ಹೆಸರಲ್ಲಿ 1875ರಲ್ಲಿ ಮೊಂಬಾಸಾದ ಎದುರು ದಂಡೆಯಲ್ಲಿ ಫ್ರೇರ್‌ಟೌನ್ ಎದ್ದಿತು. ಕಟ್ಟಲು ಹೋದವರು ಶರಣಪುರದ ಪ್ರೈಸ್. ಅವರ ಜೊತೆಗೂ ಹಿಂದೆಯೂ ನೂರಕ್ಕೂ ಹೆಚ್ಚು ‘ಬಾಂಬೆ ಆಫ್ರಿಕನರು’ ಹೋದರು. ಬಡಗಿಗಳು, ಕಮ್ಮಾರರು, ಮೇಷ್ಟ್ರುಗಳು, ಉಪದೇಶಿಗಳು ಎಲ್ಲರೂ ಅವರೇ. ನಾಸಿಕದ ಆಶ್ರಮ ಖಾಲಿಯಾಯಿತು. ಶರಣಪುರ ಎಂಬ ಊರೇ ಸಮುದ್ರ ದಾಟಿ ಇನ್ನೊಂದು ಹೆಸರು ತೊಟ್ಟುಕೊಂಡಂತೆ.

ನನ್ನ ಪ್ರಶ್ನೆಗೆ ಗಟ್ಟಿ ಉತ್ತರ ಸಿಗುವುದು ರಬಾಯಿಯಲ್ಲಿ, ಜೋನ್ಸರ ಕೈಯಲ್ಲಿ. ಕರಾವಳಿಯ ತೋಟಗಳಿಂದ ಓಡಿಬಂದ ಗುಲಾಮರು ಮಿಷನ್ ಆವರಣ ಸೇರುತ್ತಿದ್ದರು. ಅವರನ್ನು ಇಟ್ಟುಕೊಳ್ಳಬಾರದು, ಒಡೆಯರೊಡನೆ ಜಗಳ ಬೇಡ ಎಂಬುದು ಯುರೋಪಿಯನ್ ಮೇಲಧಿಕಾರಿಗಳ ನಿಲುವು. ಜೋನ್ಸ್ ಒಂದು ಕಾಲಕ್ಕೆ ತಾನೇ ಹಡಗಿನ ಹೊಟ್ಟೆಯಿಂದ ಎತ್ತಿ ತೆಗೆಸಿಕೊಂಡವರು. ಬಂದವರಿಗೆ ಹೊಲ ತೋರಿಸಿದರು, ಗುಡಿಸಲಿಗೆ ಜಾಗ ಕೊಟ್ಟರು, ಪಂಕ್ತಿಯಲ್ಲಿ ಕೂರಿಸಿದರು. 1888ರ ಹೊತ್ತಿಗೆ ಸುತ್ತಲಿನ ಮಿಷನ್ ನೆಲೆಗಳಲ್ಲಿ ಹೀಗೆ ಸೇರಿದವರು ಸಾವಿರ ದಾಟಿದ್ದರು. ಒಡೆಯರು ಕೆರಳಿದರು. ಕೊನೆಗೆ ಬ್ರಿಟಿಷ್ ಈಸ್ಟ್ ಆಫ್ರಿಕಾ ಕಂಪನಿಯ ಜಾರ್ಜ್ ಮೆಕೆಂಜಿ ಪರಿಹಾರದ ದುಡ್ಡು ಕೊಟ್ಟು ಸುಮಾರು 1,400 ಮಂದಿಯ ಬಿಡುಗಡೆ ಪತ್ರ ಕೊಳ್ಳಬೇಕಾಯಿತು. ಆಸರೆ ಬೇಡಿ ಬಂದ ಹುಡುಗನೊಬ್ಬ ಆಸರೆಯ ಅಳತೆಯನ್ನೇ ಬದಲಿಸಿದ. ಶರಣಪುರ ಎಂಬ ಹೆಸರಿಗೆ ಮೊದಲು ಅರ್ಥ ಬಂದದ್ದು ನಾಸಿಕದಲ್ಲಲ್ಲ, ರಬಾಯಿಯಲ್ಲಿ ಎಂದು ನಾನು ಹೇಳುತ್ತೇನೆ.

ಜೋನ್ಸ್, ಸೆಮ್ಲರ್ ಇಬ್ಬರಿಗೂ 1885ರಲ್ಲಿ ಬಿಷಪ್ ಜೇಮ್ಸ್ ಹ್ಯಾನಿಂಗ್ಟನ್ ಡೀಕನ್ ಪಟ್ಟ ಕೊಟ್ಟರು. ಅದೇ ವರ್ಷ ಹ್ಯಾನಿಂಗ್ಟನ್ ಉಗಾಂಡಾದ ದಾರಿಯಲ್ಲಿ ಕೊಲೆಯಾದಾಗ, ಹಿಂದೆ ಉಳಿದಿದ್ದ ತಂಡವನ್ನು ಕರಾವಳಿಗೆ ತಿರುಗಿ ತಂದವರು ಜೋನ್ಸ್. ಇಷ್ಟಾದರೂ ಸಂಬಳ, ಅಧಿಕಾರದ ಮಾತು ಬಂದಾಗ ಬಿಳಿಯ ಪಾದ್ರಿಗೊಂದು ಅಳತೆ, ನಾಸಿಕದಿಂದ ಬಂದವನಿಗೊಂದು ಅಳತೆ. ಕರ್ತನ ಭೋಜನದ ಮೇಜು ಒಂದೇ ಇತ್ತು, ಲೆಕ್ಕದ ಪುಸ್ತಕ ಎರಡಿತ್ತು.

ಫ್ರೇರ್‌ಟೌನಿನಲ್ಲಿ ನಡೆಯುತ್ತಿದ್ದ ದೇವಶಾಸ್ತ್ರ ಶಾಲೆ 1930ರಲ್ಲಿ ನೈರೋಬಿಯ ಹತ್ತಿರದ ಲಿಮುರುವಿಗೆ ಹೋಯಿತು. ಸಮುದ್ರದ ಸೆಕೆಯಿಂದ ಚಹಾ ತೋಟಗಳ ಚಳಿಗೆ. ಕ್ರಮೇಣ ಪ್ರೆಸ್ಬಿಟೇರಿಯನ್ನರು, ಮೆಥಡಿಸ್ಟರು ಕೂಡಿಕೊಂಡು ಅದು ಸೇಂಟ್ ಪಾಲ್ಸ್ ಯುನೈಟೆಡ್ ಥಿಯಲಾಜಿಕಲ್ ಕಾಲೇಜಾಯಿತು. 2007ರಿಂದ ಸೇಂಟ್ ಪಾಲ್ಸ್ ವಿಶ್ವವಿದ್ಯಾಲಯ. ಲಿಮುರು ಗೂಗಿ ವಾ ಥಿಯಾಂಗೊ ಹುಟ್ಟಿದ ಊರು. ಜೇಮ್ಸ್ ಎಂಬ ದೀಕ್ಷೆಯ ಹೆಸರನ್ನು ಬಿಟ್ಟು, ಗಿಕುಯು ಭಾಷೆಯಲ್ಲೇ ಬರೆಯುತ್ತೇನೆಂದು ನಿಂತ ಲೇಖಕನ ಊರಿನಲ್ಲೇ ಜೇಕಬ್, ಮ್ಯಾಥ್ಯೂ, ಸೈಮನ್ನರ ಕಾಲೇಜು ನೆಲೆಯೂರಿತು. ಹೆಸರು ಯಾರು ಇಟ್ಟದ್ದು, ಪ್ರಾರ್ಥನೆ ಯಾವ ಭಾಷೆಯದು, ಡೋಲು ಬಾರಿಸಬಹುದೇ ಎಂಬ ಪ್ರಶ್ನೆಗಳು ಆಫ್ರಿಕಾದ ಕಾಲೇಜುಗಳಲ್ಲಿ ಬರೀ ಪಠ್ಯದಲ್ಲಿ ಉಳಿಯಲಿಲ್ಲ, ಬೆಳಗಿನ ಆರಾಧನೆಗೂ ಹಾಸ್ಟೆಲಿನ ಕೋಣೆಗೂ ಬಂದವು. ಎಚ್‌ಐವಿ ಹರಡಿದ ವರ್ಷಗಳಲ್ಲಿ ಸಾವಿನ ಮನೆಗೆ ಹೋಗುವುದು ಹೇಗೆಂಬುದನ್ನೂ ಕಲಿಸಬೇಕಾಯಿತು. ಲಿಮುರು ಅದನ್ನು ಪಠ್ಯವಾಗಿಯೇ ತಂದಿತು.

ದಕ್ಷಿಣ ಆಫ್ರಿಕಾದ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. 1963ರಲ್ಲಿ ಆಲಿಸ್ ಎಂಬ ಊರಿನಲ್ಲಿ, ಫೋರ್ಟ್ ಹೇರ್ ವಿಶ್ವವಿದ್ಯಾಲಯದ ಪಕ್ಕ, ಫೆಡರಲ್ ಥಿಯಲಾಜಿಕಲ್ ಸೆಮಿನರಿ ತೆರೆಯಿತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳ ನಾಲ್ಕು ಕಾಲೇಜುಗಳು ಒಂದೇ ಆವರಣದಲ್ಲಿ. ಬಣ್ಣಕ್ಕೊಂದು ಬೀದಿ, ಬಣ್ಣಕ್ಕೊಂದು ಬೆಂಚು ಎಂದು ಕಾನೂನೇ ಹೇಳುತ್ತಿದ್ದ ದೇಶದಲ್ಲಿ ಕಪ್ಪು, ಬಿಳಿ ಅಧ್ಯಾಪಕರು ನೆರೆಮನೆಗಳಲ್ಲಿ ಬಾಳಿದರು. ಡೆಸ್ಮಂಡ್ ಟುಟು 1967ರಿಂದ ಎರಡು ವರ್ಷ ಅಲ್ಲಿ ಕಲಿಸಿದರು. 1968ರಲ್ಲಿ ಫೋರ್ಟ್ ಹೇರ್‌ನ ವಿದ್ಯಾರ್ಥಿಗಳನ್ನು ಪೊಲೀಸರು ಸುತ್ತುಗಟ್ಟಿದಾಗ ಅವರ ನಡುವೆ ಹೋಗಿ ನಿಂತರು. ಆ ನೆರೆಹೊರೆಯನ್ನು ಸರಕಾರ ಸಹಿಸಲಿಲ್ಲ. 1974ರಲ್ಲಿ ನೆಲವನ್ನೇ ಕಿತ್ತುಕೊಂಡಿತು. ಸೆಮಿನರಿ ಉಮ್‌ಟಾಟಾಕ್ಕೆ, ಅಲ್ಲಿಂದ ಎಡೆಂಡೇಲಿಗೆ, ಕೊನೆಗೆ ಇಂಬಾಲಿಗೆ ಗಂಟುಮೂಟೆ ಕಟ್ಟಿತು. 1993ರಲ್ಲಿ ಮುಚ್ಚಿತು. ಬರೀ ಪಾಠ ಹೇಳುವ ಶಾಲೆಯಾಗಿದ್ದರೆ ಸರಕಾರಕ್ಕೆ ಅಷ್ಟು ಭಯವಾಗುತ್ತಿರಲಿಲ್ಲ.

ಇಷ್ಟು ಹೊತ್ತು ಗಂಡಸರ ಕಥೆಯೇ ಬಂತು. ಇದು ನನ್ನ ಮರೆವಲ್ಲ, ಆ ಮನೆಗಳೇ ಹಾಗೆ ಕಟ್ಟಿದ್ದವು. ಅಪ್ಪ ಸೆಮಿನರಿಯಲ್ಲಿ ಓದುವಾಗ ಅಮ್ಮ ನನ್ನನ್ನು ಎತ್ತಿಕೊಂಡು ಅಲ್ಲಿಯ ಸಂಸಾರಸ್ಥರ ಸಾಲುಮನೆಯಲ್ಲಿದ್ದರು. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಬೆಳಗಿನ ಗಂಟೆಗೆ ಅಪ್ಪ ಹೊರಟರೆ ಅಮ್ಮ ಕುಚ್ಚಲಕ್ಕಿ ಗಂಜಿ ಇಳಿಸಿ, ನೀರು ಹಿಡಿದು, ಸಾಲುಮನೆಯ ಇತರ ಹೆಂಗಸರ ಜೊತೆ ಹೊಲಿಗೆ ತರಗತಿಗೆ ಹೋಗುತ್ತಿದ್ದರು. ‘ಅಯ್ಯನವರ ಹೆಂಡತಿ’ಯಾಗಲು ತರಬೇತಿ ಅದು. ಅಮ್ಮ ಏಳನೆಯ ಕ್ಲಾಸು ಓದಿದವರು, ಕೈಗೆ ಸಿಕ್ಕ ಪುಸ್ತಕ ಬಿಡದವರು. ಒಂದು ಮಧ್ಯಾಹ್ನ ಸೆಮಿನರಿಯ ಲೈಬ್ರರಿಯ ಬಾಗಿಲಿಗೆ ಹೋಗಿ ನಿಂತರಂತೆ. ಅಲ್ಲಿದ್ದವರು, ‘ಏನಮ್ಮಾ, ಅಯ್ಯನವರಿಗೆ ಏನಾದರೂ ಬೇಕಿತ್ತಾ?’ ಎಂದು ಕೇಳಿದರು. ಅಮ್ಮ ‘ಹೌದು’ ಎಂದು ಸುಳ್ಳು ಹೇಳಿ, ಸಿಕ್ಕಿದ ಒಂದು ಪುಸ್ತಕ ತಂದು, ಸೀಮೆಎಣ್ಣೆ ದೀಪದಲ್ಲಿ ತಾವೇ ಓದಿದರು. ಹಾಗೆ ಮೂರು ವರ್ಷ ಅಪ್ಪನ ಹೆಸರಲ್ಲಿ ಓದಿದರು. ಅಪ್ಪನ ಕಾರ್ಡಿನ ತುಂಬ ಅಮ್ಮ ಓದಿದ ಪುಸ್ತಕಗಳು. ಅಪ್ಪ ಸತ್ಯವೇದದೊಳಗೆ ಇಟ್ಟುಕೊಂಡಿದ್ದ ಆ ಕಾರ್ಡು ಈಗ ನನ್ನ ಹತ್ತಿರ ಇದೆ. ಅಂಚು ಸವೆದಿದೆ, ಶಾಯಿ ನೀಲಿಯಿಂದ ಕಂದಿಗೆ ತಿರುಗಿದೆ.

ಆಫ್ರಿಕಾದಲ್ಲೂ ಇದೇ. ಬೈಬಲ್ ತರಗತಿ ಗಂಡನಿಗೆ, ಹೊಲಿಗೆ, ಅಡಿಗೆ, ಶಿಶುಪಾಲನೆ ಹೆಂಡತಿಗೆ. ಘಾನಾದ ಮರ್ಸಿ ಅಂಬಾ ಒಡುಯೊಯೆ 1989ರಲ್ಲಿ ಆಫ್ರಿಕಾದ ದೇವಶಾಸ್ತ್ರ ಬಲ್ಲ ಹೆಂಗಸರನ್ನೆಲ್ಲ ಒಂದು ಕಡೆ ಸೇರಿಸಿದರು. ಸೇರಿದ ಜಾಗ ಅಕ್ರಾ ಬಳಿಯ ಲೆಗಾನ್‌ನ ಟ್ರಿನಿಟಿ ಕಾಲೇಜು. ಗಂಡಸು ಪಾದ್ರಿಗಳನ್ನು ತಯಾರು ಮಾಡಲು ಕಟ್ಟಿದ ಅಂಗಳದಲ್ಲೇ ಹೆಂಗಸರು ತಮ್ಮ ವರ್ತುಲ ಕಟ್ಟಿದರು. ವಿಧವೆಯ ಸಂಕಟ, ಬಹುಪತ್ನಿತ್ವ, ಮನೆಯೊಳಗಿನ ಹೊಡೆತ ಎಲ್ಲವನ್ನೂ ದೇವಶಾಸ್ತ್ರದ ಮಾತಾಗಿ ಬರೆದರು. ನಮ್ಮ ದಕ್ಷಿಣ ಭಾರತ ಸಭೆ 1970ರ ದಶಕದಲ್ಲಿ ಹೆಂಗಸರಿಗೆ ಪಾದ್ರಿಪಟ್ಟದ ಬಾಗಿಲು ತೆರೆಯಿತು. ಹಾಸ್ಟೆಲು, ಶೌಚಾಲಯ, ರಾತ್ರಿಯ ಗೇಟಿನ ಸಮಯ ಮುಂತಾದ ಸಣ್ಣ ನಿಯಮಗಳು ಪಟ್ಟಕ್ಕಿಂತ ನಿಧಾನವಾಗಿ ಬದಲಾದವು.

ಈಗಿನ ಮಾತಿಗೆ ಬಂದರೆ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಿಂದ ಹಲವು ಸಭೆ, ಹಲವು ಭಾಷೆಗಳ ಮನೆ. 1954ರಿಂದ ಮೂರು ದಶಕ ಪ್ರಾಂಶುಪಾಲರಾಗಿದ್ದ ರಸೆಲ್ ಚಂದ್ರನ್ ಅದರ ಮೊದಲ ಭಾರತೀಯ ಯಜಮಾನ. ಮಂಗಳೂರಿನ ಬಲ್ಮಠದಲ್ಲಿ 1965ರಿಂದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಕನ್ನಡದಲ್ಲಿ ದೇವಶಾಸ್ತ್ರ ಕಲಿಸುತ್ತಿದೆ. ಬೆಂಗಳೂರಿನಲ್ಲಿ ದೇಶ ಕಾಣುತ್ತದೆ, ಮಂಗಳೂರಿನಲ್ಲಿ ಊರು ಕಾಣುತ್ತದೆ. ಎರಡೂ ಬೇಕು. ಒಂದನ್ನು ಬಿಡು ಎಂದರೆ ಬೆಂಗಳೂರನ್ನು ಬಿಟ್ಟೇನು. ಉಪದೇಶಿಯ ಮಗನಿಗೆ ಸಹಜವಾದ ಪಕ್ಷಪಾತ ಅದು, ಮುಚ್ಚಿಡುವುದಿಲ್ಲ.

ದಕ್ಷಿಣದ ಒಂದು ಸೆಮಿನರಿಯ ಹಾಸ್ಟೆಲಿನಲ್ಲಿ ಕೆಲವು ವರ್ಷದ ಹಿಂದೆ ಎರಡು ದಿನ ಇದ್ದೆ. ಈಶಾನ್ಯದ ವಿದ್ಯಾರ್ಥಿಗಳೇ ಅಲ್ಲಿ ಬಹಳ. ರಾತ್ರಿ ನಾಗಾ ಹುಡುಗನೊಬ್ಬ ಹುದುಗಿಸಿದ ಸೋಯಾ ಕಾಳಿನ ಅಖುನಿಯನ್ನು ಪುಟ್ಟ ಸ್ಟವ್ ಮೇಲೆ ಕುದಿಸುತ್ತಿದ್ದ. ವಾಸನೆ ಕಾರಿಡಾರು ತುಂಬಿತ್ತು. ಮೇಲಿನ ಮಹಡಿಯಿಂದ ನಮ್ಮ ಕಡೆಯ ಹುಡುಗನೊಬ್ಬ ಇಳಿದು ಬಂದ. ಜಗಳಕ್ಕೆ ಬಂದ ಎಂದುಕೊಂಡೆ. ಅವನ ಕೈಯಲ್ಲಿ ಮನೆಯಿಂದ ತಂದ ಒಣಮೀನಿನ ಪೊಟ್ಟಣ ಇತ್ತು. ‘ಅಣ್ಣಾ, ಇದನ್ನೂ ಹಾಕು, ಹೇಗೂ ಬಯ್ಯಿಸಿಕೊಳ್ಳುವುದೇ’ ಎಂದ. ಮೂವರೂ ನೆಲದ ಮೇಲೆ ಕೂತು ಉಂಡೆವು. ಮರುದಿನ ವಾರ್ಡನರ ನೋಟೀಸು ಬಂತು, ಕೋಣೆಯಲ್ಲಿ ಅಡಿಗೆ ನಿಷೇಧ. ವಿದ್ಯಾರ್ಥಿಗಳು ಕೂತು ಮಾತಾಡಿ ಶನಿವಾರ ರಾತ್ರಿ ಮೆಸ್ಸಿನ ಒಲೆಯನ್ನೇ ತಮಗೆ ಬಿಟ್ಟುಕೊಡಬೇಕೆಂದು ಕೇಳಿದರು. ಕೊಟ್ಟರಂತೆ. ಆ ಶನಿವಾರದ ಒಲೆಯನ್ನು ನಾನು ಆ ಸಂಸ್ಥೆಯ ಎಲ್ಲ ಪದವಿಗಳಿಗಿಂತ ದೊಡ್ಡದೆಂದು ಎಣಿಸುತ್ತೇನೆ.

ಒಟ್ಟಿಗೆ ಬಾಳುವುದೇ ಬೇಡ ಎಂಬ ವಾದವೂ ಇದೆ, ಅದರಲ್ಲಿ ತೂಕವಿದೆ. 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ನರು ವಿದ್ಯಾರ್ಥಿಯನ್ನು ಊರಿನಿಂದ ಕೀಳದೆ, ಅಧ್ಯಾಪಕನೇ ಊರಿಗೆ ಹೋಗುವ ಪದ್ಧತಿ ತಂದರು. ಆಫ್ರಿಕಾಕ್ಕೆ ಅದು ಬೇಗ ಹಬ್ಬಿತು. ಬೆಂಗಳೂರಿನಲ್ಲಿ 1971ರಿಂದ ಟಾಫ್ಟೀ ಎಂಬ ಸಂಸ್ಥೆ ಅದೇ ಕೆಲಸ ಮಾಡಿದೆ. ಹೊಲ, ಹೆಂಡತಿ, ಮಕ್ಕಳನ್ನು ಬಿಟ್ಟು ನಾಲ್ಕು ವರ್ಷ ಗುಡ್ಡದ ಮೇಲೆ ಕೂತವನು ತಿರುಗಿ ಬಂದಾಗ ಹಳ್ಳಿಯ ಗಂಜಿ ಸೇರುವುದಿಲ್ಲ ಎಂಬ ದೂರು ಎರಡೂ ಖಂಡಗಳದ್ದು. ಖರ್ಚೂ ಕಡಿಮೆ. ವಿದೇಶದ ಹಣ ಬತ್ತಿದ ಮೇಲೆ ಹಾಸ್ಟೆಲು ನಡೆಸುವುದೇ ಭಾರ. ಆದರೂ ಅಖುನಿಯ ವಾಸನೆ ಅಂಚೆಯಲ್ಲಿ ಬರುವುದಿಲ್ಲ. ಬೇರೆ ಜಾತಿಯವನ, ಬೇರೆ ಭಾಷೆಯವನ ಗೊರಕೆ ಕೇಳುತ್ತ ಮಲಗದೆ ಸಭೆ ಪಾಲಿಸಲು ಹೊರಟವನ ಮೇಲೆ ನನಗೆ ನಂಬಿಕೆ ಬರುವುದಿಲ್ಲ. ಊರಲ್ಲೇ ಇದ್ದು ಓದಲಿ, ವರ್ಷಕ್ಕೆ ಎರಡು ತಿಂಗಳಾದರೂ ಕುಟುಂಬ ಸಮೇತ ಒಂದು ಕಡೆ ಬಾಳಲಿ, ಅಡಿಗೆ ಸರದಿಯಲ್ಲಿ ನಡೆಯಲಿ, ಅಧ್ಯಾಪಕರಿಗೂ ಸರದಿ ಇರಲಿ. ಲೈಬ್ರರಿ ಕಾರ್ಡು ಗಂಡನಿಗೊಂದು, ಹೆಂಡತಿಗೊಂದು.

ಹೋದ ಮಳೆಗಾಲದಲ್ಲಿ ಶರಣಪುರ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಪಕ್ಕದಲ್ಲಿ ಇಬ್ಬರು ಆಫ್ರಿಕನ್ ವಿದ್ಯಾರ್ಥಿಗಳು ಬಂದು ನಿಂತರು, ಬೆನ್ನಿಗೆ ಚೀಲ, ಕೈಯಲ್ಲಿ ವಡಾಪಾವಿನ ಕಾಗದ. ಯಾವ ಊರು ಎಂದು ಕೇಳಿದೆ. ಒಬ್ಬನದು ಮೊಂಬಾಸಾ. ಫ್ರೇರ್‌ಟೌನ್ ಗೊತ್ತೇ ಎಂದೆ. ಅವನ ಮುಖ ಅರಳಿತು. ಗುಲಾಮರ ಹಡಗು ಕಂಡರೆ ಎಚ್ಚರಿಸಲು ಫ್ರೇರ್‌ಟೌನಿನವರು ಬಾರಿಸುತ್ತಿದ್ದ ಗಂಟೆ ಈಗಲೂ ಅಲ್ಲಿಯ ನಾಲ್ಕುರಸ್ತೆಯಲ್ಲಿ ಗೋಪುರದ ಮೇಲೆ ನಿಂತಿದೆ. ಆ ಜಾಗಕ್ಕೆ ಕೆಂಗೆಲೇನಿ ಎಂದು ಹೆಸರು, ಸ್ವಾಹಿಲಿಯಲ್ಲಿ ‘ಗಂಟೆಯ ಹತ್ತಿರ’. ಅವನು ದಿನಾ ಅಲ್ಲಿ ಇಳಿದು ಮನೆಗೆ ನಡೆಯುತ್ತಿದ್ದನಂತೆ. ಆ ಗಂಟೆಯ ಮನೆಯವರು ಈ ಬೀದಿಯಿಂದ ಹೋದವರು ಎಂದು ನಾನು ಹೇಳಿದೆ. ಅವನು ಕಾಗದ ಮಡಚಿ ಜೇಬಿಗಿಟ್ಟು, ಅಂಗಡಿಗಳ ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ಇನ್ನೊಮ್ಮೆ ನೋಡಿದ. ಬಸ್ಸು ಬಂತು. ಅವನು ಹತ್ತಲಿಲ್ಲ.